ಒಂದೇ ಒಂದು ಉಲ್ಟಾ ನಟ್ಟು

ಅಂಗಡಿಯ ಮೆಟ್ಟಿಲ ಮೇಲೆ ನಿಂತು ‘ಒಂದು ಕೊಡಿ’ ಎಂದು ಕೇಳುವುದಕ್ಕೆ ನನಗೆ ಭಯವಾಗುತ್ತದೆ. ಯಾರಿಗಾದರೂ ಹೇಳಿದರೆ ನಗುತ್ತಾರೆಂದು ಇಷ್ಟು ದಿನ ಹೇಳಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ದೊಡ್ಡ ಸಾಹೇಬರು ತಪಾಸಣೆಗೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಾಗಲೂ ನನ್ನ ಕೈಯ ಸೀಮೆಸುಣ್ಣ ನಡುಗಿದ್ದಿಲ್ಲ. ಆದರೆ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತೆನೆಂದರೆ ನಾಲಗೆ ಒಣಗುತ್ತದೆ, ಅಂಗೈ ಬೆವರುತ್ತದೆ. ಒಳಗೆ ಬೇರೆ ಗಿರಾಕಿಗಳಿದ್ದರೆ ಅವರು ಹೋಗುವ ತನಕ ಪಕ್ಕದ ಅಂಗಡಿಯ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಮುಟ್ಟಿ ಮುಟ್ಟಿ ನೋಡುತ್ತ ನಾಟಕ ಮಾಡುತ್ತೇನೆ. ಕಾರಣ ಇಷ್ಟೆ: ನನಗೆ ಬೇಕಾಗಿರುವುದು ಯಾವಾಗಲೂ ಒಂದು. ಬಹಳವೆಂದರೆ ಎರಡು.

ಒಂದಕ್ಕೆ ಮರ್ಯಾದೆ ಇರುವ ಜಾಗಗಳು ಲೋಕದಲ್ಲಿ ಬೇಕಾದಷ್ಟಿವೆ. ಒಂದು ನಿಂಬೆಹಣ್ಣು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಔಷಧಿ ಅಂಗಡಿಯವನು ಕತ್ತರಿ ತೆಗೆದು, ಒಂದು ಮಾತ್ರೆಯನ್ನು ಅದರ ಅಣ್ಣತಮ್ಮಂದಿರಿಂದ ಬೇರ್ಪಡಿಸಿ ಕೊಡುತ್ತಾನೆ. ಹೂವಿನವಳು ಒಂದು ಮೊಳ ಅಳೆದು ಮೇಲೆ ಗೇಣುದ್ದ ಕೊಸರನ್ನೂ ಬಿಡುತ್ತಾಳೆ. ನಟ್ಟು ಬೋಲ್ಟಿನವರ ಪ್ರಪಂಚ ಹಾಗಲ್ಲ. ಅದರಲ್ಲೂ ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಸಣ್ಣದು ಎಂಬುದೇ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಎಲ್ಲವೂ ಮೂಟೆ, ಡಬ್ಬ, ಪೆಟ್ಟಿಗೆ. ಮೆಣಸಿನಕಾಯಿ ಗೋಣಿಗಳ ನಡುವೆ ಸೀನುತ್ತ ದಾರಿ ಮಾಡಿಕೊಂಡು ಹೋಗಿ, ಲಾರಿಗೆ ಸರಕು ಹೇರುತ್ತಿರುವ ಗಡಿಬಿಡಿಯಲ್ಲಿ ನಿಂತು, ‘ಒಂದು ನಟ್ಟು ಬೇಕಿತ್ತು’ ಎಂದರೆ ಅಂಗಡಿಯವರು ನನ್ನನ್ನು ನೋಡುವುದಿಲ್ಲ, ನನ್ನ ಹಿಂದೆ ನೋಡುತ್ತಾರೆ. ನಿಜವಾದ ಗಿರಾಕಿ ಹಿಂದೆ ಎಲ್ಲೋ ಬರುತ್ತಿರಬಹುದೆಂದು. ಅವರದೇನೂ ತಪ್ಪಿಲ್ಲ. ಒಂದು ನಟ್ಟಿಗಾಗಿ ಏಣಿ ಹತ್ತಿ, ದೂಳು ಕೊಡವಿ, ಡಬ್ಬ ಇಳಿಸಿ ಹುಡುಕುವ ಕಷ್ಟ ನನಗೂ ಅರ್ಥವಾಗುತ್ತದೆ. ಅರ್ಥವಾಗುವುದರಿಂದಲೇ ಭಯ ಇನ್ನೂ ಹೆಚ್ಚು.

ಹೆಂಗಸಾದದ್ದರಿಂದ ಇನ್ನೊಂದು ಫಜೀತಿಯೂ ಉಂಟು. ನಾನು ಬಾಯಿ ಬಿಟ್ಟ ತಕ್ಷಣ, “ಯಾರ್ ಕಳಿಸ್ಯಾರವ್ವಾ? ಅವರಿಗೇ ಫೋನ್ ಹಚ್ಚಿ ಕೊಡ್ರಿ” ಎನ್ನುತ್ತಾರೆ. ಯಾರೂ ಕಳಿಸಿಲ್ಲ, ನಾನೇ ನನ್ನನ್ನು ಕಳಿಸಿಕೊಂಡಿದ್ದೇನೆ ಎಂದು ಹೇಳುವ ಧೈರ್ಯ ಬರಲು ಬಹಳ ಕಾಲ ಹಿಡಿಯಿತು.

ಕೈಯಲ್ಲಿ ಏನಾದರೂ ಮಾಡುತ್ತಿರುವ ಹುಚ್ಚು ನನಗೆ ಹೇಗೆ ಹತ್ತಿತೋ ತಿಳಿಯದು. ನಿಜಲಿಂಗಪ್ಪ ಬಡಾವಣೆಯಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ತಗಡಿನ ಚಪ್ಪರವಿದೆ. ಉಳಿದ ಉಪಾಧ್ಯಾಯಿನಿಯರು ಸಂಜೆ ಕಸೂತಿಯನ್ನೋ ಧಾರಾವಾಹಿಯನ್ನೋ ಹಿಡಿದು ಕೂರುವ ಹೊತ್ತಿನಲ್ಲಿ ನಾನು ಆ ಚಪ್ಪರದ ಕೆಳಗೆ ಸ್ಪ್ಯಾನರ್ ಹಿಡಿದು ಕೂರುತ್ತೇನೆ. ನಾನು ಮಾಡಿದ ವಸ್ತುಗಳ ಇತಿಹಾಸ ಅಷ್ಟೇನೂ ಉಜ್ವಲವಲ್ಲ. ಬಟ್ಟೆ ಒಣಹಾಕಲು ಮಾಡಿದ ಏರಿಸಿ ಇಳಿಸುವ ರಾಟೆ ಒಂದು ಮಧ್ಯಾಹ್ನ ತಾನಾಗಿಯೇ ಇಳಿಯಿತು. ಕೆಳಗೆ ಪತ್ರಿಕೆ ಓದುತ್ತಿದ್ದ ನಮ್ಮ ಮನೆಯವರು ಒದ್ದೆ ಬೆಡ್‌ಶೀಟಿನೊಳಗಿಂದ ಬಹಳ ಸಮಾಧಾನದ ದನಿಯಲ್ಲಿ, “ಸುಜಾತಾ, ಇದು ಹೀಗೇ ಇಳೀಬೇಕಾ?” ಎಂದು ಕೇಳಿದರು. ಅವರು ಅಂಥ ಮನುಷ್ಯ. ನನ್ನ ಪಾಲಿನದನ್ನೂ ಸೇರಿಸಿ ದೇವರು ಅವರಿಗೆ ಸಮಾಧಾನ ಕೊಟ್ಟಿದ್ದಾನೆ. ನಾನು ಮಾತ್ರ ಒಂದು ವಸ್ತುವನ್ನು ಮಾಡಿ ಮುಗಿಸಿದ ಗಳಿಗೆಯಿಂದ ಅದು ಯಾವಾಗ ಬಿದ್ದೀತು, ಯಾರ ಮೇಲೆ ಬಿದ್ದೀತು ಎಂದು ಕಾಯತೊಡಗುತ್ತೇನೆ.

ಇಂಥವಳು, ಮನುಷ್ಯರು ಹತ್ತಿ ಕೂರುವ ವಸ್ತುವೊಂದನ್ನು ಮಾಡಲು ಹೊರಟಿದ್ದು ಮುಮ್ತಾಜಳಿಂದಾಗಿ.

ಮುಮ್ತಾಜ್ ನನ್ನ ಹೈಸ್ಕೂಲಿನ ಗೆಳತಿ. ಆಗ ನಾವಿಬ್ಬರೂ ಸೈಕಲ್ ಮೇಲೆ ಶಾಲೆಗೆ ಹೋಗುತ್ತಿದ್ದೆವು. ನಾನು ಎಡಬದಿಗೆ ಅಂಟಿಕೊಂಡು ಬ್ರೇಕಿನ ಮೇಲೆ ಬೆರಳಿಟ್ಟುಕೊಂಡು ಹೋಗುವವಳು. ಅವಳು ಎರಡೂ ಕೈ ಬಿಟ್ಟು, ಪೆಡಲಿನ ಮೇಲೆ ನಿಂತು ಹೋಗುವವಳು. ಆಮೇಲೆ ಅವಳು ನಿಟ್ಟುವಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಳು. ಅವಳು ಹೊಲಿದ ಬಟ್ಟೆ ತೊಟ್ಟವರು ಬೇರೆಯವರ ಹತ್ತಿರ ಹೋಗುತ್ತಿರಲಿಲ್ಲ. ಹಾಗಿರುವಾಗ ಅವಳ ಕಣ್ಣಿಗೆ ಕಾಯಿಲೆ ಬಂತು. ದೃಷ್ಟಿ ಅಂಚಿನಿಂದ ಒಳಗೆ ಸವೆಯುತ್ತ ಬರುವ ಕಾಯಿಲೆ. ಮೊದಲು ಪಕ್ಕದಲ್ಲಿ ನಿಂತವರು ಕಾಣದಾದರು, ಆಮೇಲೆ ಕಾಲ ಕೆಳಗಿನ ಮೆಟ್ಟಿಲು. ಈಗ ಕೊಳವೆಯ ಮೂಲಕ ನೋಡಿದಂತೆ ನಟ್ಟನಡುವೆ ಒಂದಿಷ್ಟು ಕಾಣುತ್ತದೆ, ಸುತ್ತ ಏನೂ ಇಲ್ಲ. ಆ ಒಂದಿಷ್ಟೂ ಒಂದು ದಿನ ಮುಚ್ಚಿಹೋಗಬಹುದು ಎಂದು ವೈದ್ಯರು ಹೇಳಿದ್ದಾರೆ. ಯಾವಾಗ ಎಂದು ಹೇಳಿಲ್ಲ. ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಬಿಟ್ಟಳು. ಸೊಸೆ ಎಷ್ಟು ಹೇಳಿದರೂ ಸೂಜಿ ಮುಟ್ಟಲಿಲ್ಲ.

ಒಂದು ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ರಸ್ತೆಯಲ್ಲಿ ಯಾರೋ ಬೆಲ್ ಮಾಡುತ್ತ ಸೈಕಲ್ಲಿನಲ್ಲಿ ಹೋದರು. ಮುಮ್ತಾಜ್ ಆ ಸದ್ದು ಹೋದ ಕಡೆಗೇ ಮುಖ ತಿರುಗಿಸಿಕೊಂಡಿದ್ದಳು.

“ಇನ್ನೊಂದ್ಸಲ ಸೈಕಲ್ ತುಳೀಬೇಕು ನೋಡು ಸುಜಿ,” ಎಂದಳು. “ಇನ್ನೂ ಚೂರು ಕಾಣ್ತೈತಲ್ಲ, ಅಷ್ಟ್ರೊಳಗೆ.”

ಅವಳು ನನ್ನನ್ನು ಕೇಳಿದ್ದಲ್ಲ. ಗಾಳಿಗೆ ಹೇಳಿದಂತೆ ಹೇಳಿದ್ದು. ಆದರೆ ನನ್ನ ಬಾಯಿ, ನನ್ನ ಒಪ್ಪಿಗೆಯನ್ನೇ ಕೇಳದೆ, “ಇಬ್ಬರೂ ಒಟ್ಟಿಗೆ ತುಳಿಯೋ ಸೈಕಲ್ ಮಾಡ್ತೀನಿ. ನಾನು ಮುಂದೆ, ನೀನು ಹಿಂದೆ” ಎಂದುಬಿಟ್ಟಿತು. ಅವಳು ನಕ್ಕು, “ನಿನ್ನ ರಾಟೆ ಹಂಗಾ?” ಎಂದಳು. ಮನೆಗೆ ಬಂದವಳೇ ರಾಟೆಯ ಹಗ್ಗವನ್ನು ಎರಡೆರಡು ಸಲ ಜಗ್ಗಿ ನೋಡಿದೆ.

ನಿಟ್ಟುವಳ್ಳಿಯಲ್ಲಿ ದಾದಾಪೀರ್ ಎಂಬವರ ಸೈಕಲ್ ಶಾಪಿದೆ. ಎರಡು ಹಳೆಯ ಲೇಡೀಸ್ ಸೈಕಲ್ ಹೊಂದಿಸಿಕೊಟ್ಟವರು, ವೆಲ್ಡಿಂಗ್ ಮಾಡಿಸಿಕೊಟ್ಟವರು ಅವರೇ. ನನ್ನ ನಕ್ಷೆಗಳನ್ನು ಅವರು ತಲೆಕೆಳಗಾಗಿ ಹಿಡಿದು ನೋಡಿ “ಆತು” ಎನ್ನುತ್ತಿದ್ದರು. ಹೀಗೆ ನಾಲ್ಕು ಪೆಡಲಿನ, ಎರಡು ಸೀಟಿನ, ನೋಡಿದರೆ ಒಂಟೆಯ ನೆನಪಾಗುವ ಒಂದು ವಾಹನ ನಮ್ಮ ಚಪ್ಪರದ ಕೆಳಗೆ ಬಂದು ನಿಂತಿತು. ಮುಂದಿನವಳು ತುಳಿದದ್ದು ಎಡಗಡೆಯ ಒಂದು ಸರಪಳಿಯ ಮೂಲಕ ಹಿಂದಿನ ಪೆಡಲಿಗೆ ಸೇರಬೇಕು, ಅಲ್ಲಿಂದ ಬಲಗಡೆಯ ಸರಪಳಿಯಿಂದ ಗಾಲಿಗೆ ಹೋಗಬೇಕು. ಮೊದಲ ಸವಾರಿಗೆ ನಮ್ಮ ಮನೆಯವರನ್ನು ಹಿಂದೆ ಕೂರಿಸಿಕೊಂಡೆ. ಪಾರ್ಕಿನ ಮೂಲೆ ತಿರುಗುವಷ್ಟರಲ್ಲಿ ಹಿಂದಿನಿಂದ ಟಣ್ ಎಂಬ ಸದ್ದು ಬಂತು. ಎಡಗಡೆಯ ಹಲ್ಲುಚಕ್ರವನ್ನು ಹಿಡಿದಿದ್ದ ನಟ್ಟು ಬಿಚ್ಚಿಕೊಂಡು ಚರಂಡಿ ಸೇರಿತ್ತು, ಸರಪಳಿ ಕಳಚಿ ಅವರ ಪ್ಯಾಂಟನ್ನು ಕಚ್ಚಿಕೊಂಡಿತ್ತು. “ಸುಜಾತಾ, ಇದು ಹೀಗೇ...” ಎಂದು ಅವರು ಶುರುಮಾಡಿದರು. ನಾನು ಮುಂದಕ್ಕೆ ಹೇಳಗೊಡಲಿಲ್ಲ.

ದಾದಾಪೀರ್ ಇನ್ನೊಂದು ನಟ್ಟು ಹಾಕಿ ಸುತ್ತಿಗೆಯಿಂದ ಹೊಡೆದು ಬಿಗಿಮಾಡಿ, “ಇನ್ನು ಮುಗೀತು, ಹೋಗಂಗಿಲ್ಲ” ಎಂದರು. ಅದೂ ಹೋಯಿತು. ನಸೀಬು ಸರಿಯಿಲ್ಲ ಎಂದರು. ನಾನು ಕಾಗದದ ಮೇಲೆ ಬಾಣದ ಗುರುತುಗಳನ್ನು ಎಳೆದೆಳೆದು ನೋಡಿದ ಮೇಲೆ ಗೊತ್ತಾಯಿತು. ಎಡಗಡೆಯ ಆ ಚಕ್ರ ತಿರುಗುವ ದಿಕ್ಕೇ ಅಂಥದ್ದು, ಮಾಮೂಲಿ ನಟ್ಟನ್ನು ಪ್ರತಿ ತುಳಿತಕ್ಕೂ ಚೂರು ಚೂರೇ ಸಡಿಲಿಸುತ್ತದೆ. ಅಲ್ಲಿಗೆ ಬೇಕಾದದ್ದು ಉಲ್ಟಾ ಸುತ್ತಿನ ನಟ್ಟು. ಎಲ್ಲ ನಟ್ಟುಗಳೂ ಬಿಚ್ಚುವ ಕಡೆಗೆ ತಿರುಗಿಸಿದರೆ ಬಿಗಿಯಾಗುವ ನಟ್ಟು. ಸಾಣೆ ಯಂತ್ರಗಳ ಎಡಗಡೆಯ ಕಲ್ಲಿಗೆ ಇಂಥದ್ದೇ ಇರುತ್ತದಂತೆ. ದಾದಾಪೀರ್ ಗುಜರಿಯಲ್ಲಿ ಹುಡುಕಿ, ಅಂಥ ಒಂದು ಯಂತ್ರದ ಆಕ್ಸಲ್ಲನ್ನು ತಂದು, ಕಬ್ಬಿಣ ಕಡೆಯುವ ಲೇತಿಗೆ ಕೊಟ್ಟು ನಮ್ಮ ಸೈಕಲ್ಲಿಗೆ ಹೊಂದಿಸಿದರು. ಆಕ್ಸಲ್ ಬಂತು. ಅದರ ನಟ್ಟು ಮಾತ್ರ ಇರಲಿಲ್ಲ.

ಹೀಗೆ ನಾನು ಒಂದೇ ಒಂದು ಉಲ್ಟಾ ನಟ್ಟಿಗಾಗಿ ಮಂಡಿಪೇಟೆಗೆ ಹೊರಟೆ.

ಮೊದಲನೆಯ ಅಂಗಡಿಯವರು ಅಂಥದ್ದು ಇಲ್ಲವೇ ಇಲ್ಲ ಎಂದರು. ಎರಡನೆಯವರು, “ಹುಬ್ಬಳ್ಳಿಯಿಂದ ತರಿಸ್ಬೇಕ್ರಿ. ಪೂರ್ತಿ ಪೆಟ್ಟಿಗೆ ತಗಳ್ಳಂಗಿದ್ರೆ ಹೇಳ್ರಿ” ಎಂದರು. ಪೂರ್ತಿ ಪೆಟ್ಟಿಗೆ ತಗೊಂಡು ನಾನೇನು ಮಾಡಲಿ? ಇನ್ನುಳಿದ ಆಯುಷ್ಯದಲ್ಲಿ ನಾನು ಅಷ್ಟೊಂದು ಜೋಡಿ ಸೈಕಲ್ಲುಗಳನ್ನು ಮಾಡಿದರೆ ಊರಿನ ಗತಿಯೇನು? ಮೂರನೆಯ ಅಂಗಡಿಯ ಹಿರಿಯರು ಬಹಳ ಮರ್ಯಾದೆಯಿಂದ ನಡೆಸಿಕೊಂಡರು. ಸ್ಟೂಲ್ ಹಾಕಿ, “ಕೂಡ್ರಿ ಟೀಚರ್” ಎಂದು, ಒಂದು ಮಾಮೂಲಿ ನಟ್ಟನ್ನೇ ಕೈಗೆ ಕೊಟ್ಟರು.

“ಇದು ಮಾಮೂಲಿದಲ್ವಾ?” ಎಂದೆ.

“ಹೂನ್ರಿ. ಮಗ್ಗಲು ಬದಲಿಸಿ ಹಾಕ್ರಿ. ಉಲ್ಟಾ ಹಿಡ್ದು ಹಾಕಿದ್ರೆ ಉಲ್ಟಾ ಸುತ್ತೇ ಆಗ್ತೈತಲ್ಲ.”

ಅವರು ಎಷ್ಟು ನಂಬಿಕೆಯಿಂದ ಹೇಳಿದರೆಂದರೆ, ಇಷ್ಟು ವರ್ಷ ಗಣಿತ ಕಲಿಸಿದ ನಾನು ಹೊರಗೆ ಬಂದು, ಗೋಣಿಗಳ ಪಕ್ಕ ನಿಂತು, ಆ ನಟ್ಟನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿದೆ. ಬಲಗೈಯನ್ನು ಮೇಲೆ ಮಾಡಿ, ಕೆಳಗೆ ಮಾಡಿ, ಹೇಗೆ ಹಿಡಿದರೂ ಅದು ಎಡಗೈ ಆಗುವುದಿಲ್ಲ. ಸುತ್ತೂ ಹಾಗೆಯೇ. ಆ ಕಡೆಯಿಂದ ನೋಡಿದರೂ ಬಲಸುತ್ತು, ಈ ಕಡೆಯಿಂದ ನೋಡಿದರೂ ಬಲಸುತ್ತು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮನೆಗೆ ಹೋಗಿ ಹಾಕಿ ನೋಡುವ ತನಕ ನನಗೆ ಸಮಾಧಾನವಿರಲಿಲ್ಲ. ಕಳವಳಗೊಂಡ ಮನುಷ್ಯರ ಲಕ್ಷಣವೇ ಅದು. ತಮಗೆ ಗೊತ್ತಿರುವುದನ್ನು ಮೊದಲು ಅನುಮಾನಿಸುತ್ತಾರೆ.

ಆನ್‌ಲೈನಿನಲ್ಲಿ ತರಿಸಿದೆ. ಚಿತ್ರದಲ್ಲಿ ಸರಿಯಾಗಿದ್ದದ್ದು ಪೊಟ್ಟಣದಲ್ಲಿ ಬಂದಾಗ ನನ್ನ ಆಕ್ಸಲ್ಲಿಗೆ ಬಳೆಯಂತೆ ಸಡಿಲವಾಗಿತ್ತು. ವಾಪಸು ಕಳಿಸಿ ಇನ್ನೊಂದು ತರಿಸಿದೆ. ಅದು ಉಂಗುರದಷ್ಟು ಬಿಗಿ. ಈ ನಡುವೆ ವಾರಗಳು ಹೋಗುತ್ತಿದ್ದವು. ಮುಮ್ತಾಜ್ ಏನೂ ಕೇಳುತ್ತಿರಲಿಲ್ಲ. ಒಂದು ದಿನ ಚಹಾ ಕೊಡುವಾಗ ಲೋಟವನ್ನು ನನ್ನ ಕೈಗೆ ಕೊಡುವ ಬದಲು ಕೈಯ ಪಕ್ಕದಲ್ಲಿ ಬಿಟ್ಟಳು. ಇಬ್ಬರೂ ಬಗ್ಗಿ ಗಾಜು ಆರಿಸಿದೆವು. “ಕೊಳವೆ ಇನ್ನೂ ಚೂರು ಸಣ್ಣಾಗೈತೆ,” ಎಂದಳು, ಮಳೆ ಬರುವಂತಿದೆ ಎನ್ನುವವರ ಹಾಗೆ. ಆ ದಿನ ಮನೆಗೆ ಬರುವಾಗ ಆಟೋದಲ್ಲಿ ಕೂತು ನಾನು ಯೋಚಿಸಿದ್ದು ಇದೊಂದೇ: ಹೆಬ್ಬೆರಳ ಉಗುರಿನಷ್ಟು ಅಗಲದ ಕಬ್ಬಿಣದ ತುಂಡೊಂದು ಸಿಗದೆ, ಇವಳ ಕಣ್ಣು ಮೊದಲು ಮುಚ್ಚಿಹೋದರೆ?

ಹರಿಹರಕ್ಕೆ ಹೋಗಿ ನೋಡು ಎಂದವರು ನಮ್ಮ ಮನೆಯವರು. ದೊಡ್ಡ ಕಾರ್ಖಾನೆಗಳ ಕಾಲ ಮುಗಿದರೂ ಅಲ್ಲಿ ಸಣ್ಣ ಸಣ್ಣ ಲೇತಿನ ಶೆಡ್ಡುಗಳು ಉಳಿದುಕೊಂಡಿವೆ. ಶನಿವಾರ ಶಾಲೆ ಮುಗಿಸಿ, ಆಕ್ಸಲ್ಲನ್ನು ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡು ಬಸ್ ಹತ್ತಿದೆ. ಕೆಲವು ಶೆಡ್ಡುಗಳಲ್ಲಿ ಇಲ್ಲವೆನಿಸಿಕೊಂಡು ಕೊನೆಗೆ ಮುಟ್ಟಿದ್ದು ಹಾಲೇಶಪ್ಪನವರ ಶೆಡ್ಡು. ಮುಂದೆ ಶೆಡ್ಡು, ಹಿಂದೆ ಮನೆ. ಐವತ್ತು ದಾಟಿದ, ದಪ್ಪ ಕನ್ನಡಕದ, ಪ್ರತಿ ಮಾತಿಗೂ ಮೊದಲು ಒಂದು ನಿಟ್ಟುಸಿರು ಬಿಡುವ ಮನುಷ್ಯ. ನೋಡಿದ ತಕ್ಷಣ ನಮ್ಮ ಪೈಕಿಯವರೇ ಎನಿಸಿತು. ಕಳವಳದವರಿಗೆ ಕಳವಳದವರ ಗುರುತು ಬೇಗ ಹತ್ತುತ್ತದೆ.

“ಎಡಸುತ್ತಿಂದು ನಾವು ಇಟ್ಟಿರಂಗಿಲ್ರಿ, ಹೊಸದು ಕೊರೆಯಾಕೆ ಹತ್ಯಾರಾನೂ ಇಲ್ಲ,” ಎಂದರು ಹಾಲೇಶಪ್ಪ, ಆಕ್ಸಲ್ಲನ್ನು ಬೆಳಕಿಗೆ ಹಿಡಿದು. “ಈ ಅಳತೀದು ನಮ್ಮ ಗ್ರೈಂಡರಿನಾಗ ಒಂದೈತೆ. ಅದು ಮಷೀನಿಂದು. ಅದನ್ನ ಬಿಚ್ಚಂಗಿಲ್ಲ.”

ನಾನು ಆ ಗ್ರೈಂಡರ್ ಕಡೆ ತಿರುಗಿದೆ. ಮೂಲೆಯಲ್ಲಿ, ಎಡಗಡೆಯ ಸಾಣೆಕಲ್ಲಿನ ನಡುವೆ, ಎಣ್ಣೆ ಮೆತ್ತಿಕೊಂಡು ಅದು ಕೂತಿತ್ತು. ನನ್ನ ನೋಟ ಅಷ್ಟೇನೂ ಸಭ್ಯವಾಗಿರಲಿಲ್ಲವೆಂದು ಕಾಣುತ್ತದೆ. ಹಾಲೇಶಪ್ಪ ಮೆಲ್ಲಗೆ ಸರಿದು ನನಗೂ ಯಂತ್ರಕ್ಕೂ ನಡುವೆ ನಿಂತುಕೊಂಡರು.

“ಯಾತಕ್ಕ ಬೇಕಾಗಿತ್ರಿ?” ಎಂದು ಅವರು ಕೇಳಿದ್ದು ಮಾತು ಮುಗಿಸಿ ನನ್ನನ್ನು ಸಾಗಹಾಕಲಿಕ್ಕೆ. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಸೈಕಲ್ಲು, ಮಂಡಿಪೇಟೆಯವರ ಪೆಟ್ಟಿಗೆ, ಮುಮ್ತಾಜ್, ಕೊಳವೆಯಂಥ ಕಣ್ಣು, ಒಡೆದ ಲೋಟ. ಅಷ್ಟರಲ್ಲಿ ಅವರ ಹೆಂಡತಿ ಗೌರಮ್ಮ ಚಹಾ ತಂದು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಹಾಲೇಶಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. “ಸೋಮವಾರ ಕುಡುಗೋಲು ಬರ್ತಾವ್ರಿ, ಸಾಣೆ ಹಿಡಿಯಾಕೆ. ಭತ್ತದ ಕೊಯ್ಲು ಐತೆ. ಅದಿರ್ಲಿ. ನನ್ನ ನಟ್ಟು ಹಾಕ್ಕಂಡು ಹೋಗಿ ನೀವಿಬ್ರು ಎಲ್ಲಾರ ಬಿದ್ರೆ? ನಾನು ಹೆಂಗ್ ಉಣ್ಣಬೇಕು, ಹೆಂಗ್ ಮಲಗಬೇಕು ಹೇಳ್ರಿ.”

ನನಗೂ ಅದೇ ಯೋಚನೆ ಇದ್ದದ್ದರಿಂದ ಅವರ ಮಾತು ನ್ಯಾಯವಾಗಿಯೇ ಕಂಡಿತು. ಇಬ್ಬರೂ ತಲೆ ತಗ್ಗಿಸಿಕೊಂಡು ನಿಂತೆವು. ಉತ್ತರ ಕೊಟ್ಟವರು ಗೌರಮ್ಮ.

“ನಟ್ಟು ಇಲ್ದಿದ್ರೆ ಅವ್ರು ಮಾಮೂಲಿದು ಹಾಕ್ಕಂಡೇ ಹೋಗ್ತಾರೆ. ಆಗ ಖಂಡಿತ ಬೀಳ್ತಾರೆ. ಸೋಮವಾರ ಮಟ ಕೊಡ್ರಿ. ಮಷೀನು ನಾಳೆ ಹೆಂಗೂ ಸುಮ್ನೆ ನಿಂತಿರ್ತೈತೆ.”

ಹಾಲೇಶಪ್ಪ ಇನ್ನೊಂದು ನಿಟ್ಟುಸಿರು ಬಿಟ್ಟು ಸ್ಪ್ಯಾನರ್ ತೆಗೆದುಕೊಂಡರು. ಬಿಚ್ಚಿದ ನಟ್ಟನ್ನು ನನ್ನ ಆಕ್ಸಲ್ಲಿಗೆ ಹಾಕಿ ಎಡಕ್ಕೆ ತಿರುಗಿಸಿದರು. ಅದು ಎಲ್ಲೂ ತಡೆಯದೆ, ಬೆಣ್ಣೆಯಲ್ಲಿ ಬೆರಳು ಹೋದಂತೆ, ಸುತ್ತು ಸುತ್ತಾಗಿ ಒಳಗೆ ಹೋಯಿತು. ಅದನ್ನು ನೋಡಿ ನನಗೆ ಆದ ಸಂತೋಷವನ್ನು ಯಾರಿಗೆ ಹೇಳಿದರೂ ತಲೆ ಕೆಟ್ಟಿದೆ ಎನ್ನುತ್ತಾರೆ. “ಮುಟ್ಟಿದ ಮೇಲೆ ಫೋನ್ ಮಾಡ್ರಿ,” ಎಂದರು ಹಾಲೇಶಪ್ಪ. “ಹಾಕಿದ ಮೇಲೂ ಮಾಡ್ರಿ.” ಜನ ನೆರೆಯವರಿಂದ ಒಂದು ಹಿಡಿ ಸಕ್ಕರೆ ಕಡ ತರುತ್ತಾರೆ. ನಾನು ಚಾಲ್ತಿಯಲ್ಲಿದ್ದ ಯಂತ್ರದ ನಟ್ಟನ್ನು ಕಡ ತಂದೆ. ಬಸ್ಸಿನಲ್ಲಿ ಪರ್ಸಿನ ಮೇಲಿಂದ ಕೈ ತೆಗೆಯಲಿಲ್ಲ. ಕಳ್ಳನೊಬ್ಬ ಅದನ್ನು ಎಗರಿಸಿದ್ದರೆ ಮುಂದಿನ ನಿಲ್ದಾಣದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ.

ಸಂಜೆಯೇ ದಾದಾಪೀರ್ ಬಂದು ಜೋಡಿಸಿಕೊಟ್ಟರು. ಭಾನುವಾರ ಬೆಳಕು ಹರಿಯುತ್ತಲೇ ನಮ್ಮ ಮನೆಯವರು ಮುಮ್ತಾಜಳನ್ನು ಸ್ಕೂಟರಿನಲ್ಲಿ ಕರೆತಂದರು. ಅವಳು ಸೈಕಲ್ಲನ್ನು ಮೊದಲು ಕಣ್ಣಿನಿಂದ ನೋಡಲಿಲ್ಲ. ಮುಂದಿನ ಹ್ಯಾಂಡಲ್ಲಿನಿಂದ ಹಿಂದಿನ ಗಾಲಿಯ ತನಕ ಕೈಯಾಡಿಸಿ, ಬೆಲ್ಲನ್ನು ಒಮ್ಮೆ ಹೊಡೆದು, ಹಿಂದಿನ ಸೀಟಿಗೆ ಏರಿ ಕೂತಳು. ನಾನು ದುಪ್ಪಟ್ಟಾವನ್ನು ಸರಪಳಿಗೆ ಸಿಗದಂತೆ ಸೊಂಟಕ್ಕೆ ಬಿಗಿದುಕೊಂಡೆ. ಪಾರ್ಕಿನ ಸುತ್ತ ಒಂದು ಸುತ್ತು ಹಾಕಿದೆವು. ನಟ್ಟು ಅಲ್ಲಾಡಲಿಲ್ಲ. ಇನ್ನೊಂದು ಸುತ್ತು. ನಾನು ಪ್ರತಿ ತಿರುವಿನಲ್ಲೂ ಹಿಂದಕ್ಕೆ ಬಗ್ಗಿ ಎಡಗಡೆ ನೋಡುತ್ತಿದ್ದೆ, ಸೈಕಲ್ಲು ಹಾವಿನಂತೆ ಹೊರಳುತ್ತಿತ್ತು.

“ಸಾಕು,” ಎಂದು ನಿಲ್ಲಿಸಿದೆ. “ಇನ್ನು ಬಿಚ್ಚಿ, ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಕೊಟ್ಟುಬರ್ತೀನಿ.”

“ಬಸ್ಸಲ್ಲಿ ಯಾಕ?” ಎಂದಳು ಮುಮ್ತಾಜ್. “ಸೈಕಲ್ ಐತಲ್ಲ. ಇದರ ಮ್ಯಾಲೆ ಹೋಗಿ ಕೊಡಾಣ.”

“ಕೊಟ್ಟ ಮೇಲೆ ಬರೋದು ಹೇಗೆ? ನಟ್ಟು ಅಲ್ಲೇ ಉಳೀತದಲ್ಲ.”

“ಹೋಗೋದು ಹೋಗಾಣ. ಬರೋದು ಆಮೇಲಿನ ಮಾತು.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ಒಂದ್ಸಲ ದೂರ ಹೋಗ್ಬೇಕು ಸುಜಿ. ನಿಮ್ಮ ಪಾರ್ಕನ್ನ ಎಷ್ಟು ಸುತ್ತಿದ್ರೂ ದೂರ ಆಗಂಗಿಲ್ಲ.”

ನಮ್ಮ ಮನೆಯವರ ಮುಖ ನೋಡಿದೆ, ಬೇಡವೆನ್ನಲಿ ಎಂಬ ಆಸೆಯಿಂದ. ಅವರು ಸ್ಕೂಟರಿಗೆ ಕೀ ಹಾಕುತ್ತಿದ್ದರು. “ನಾನು ಮುಂದೆ ಹೋಗ್ತಾ ಗುಂಡಿ ಇದ್ದಲ್ಲಿ ಕೈ ತೋರಿಸ್ತೀನಿ,” ಎಂದರು.

ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆಗೆ ಹೊರಟೆವು. ಭಾನುವಾರದ ಬೆಳಗಾದ್ದರಿಂದ ಲಾರಿಗಳು ಕಡಿಮೆ. ಆದರೂ ಪ್ರತಿಯೊಂದು ಲಾರಿಯ ಸದ್ದಿಗೂ ನನ್ನ ಕುತ್ತಿಗೆ ಹೆಗಲೊಳಗೆ ಇಳಿಯುತ್ತಿತ್ತು. ಜೋಡಿ ಸೈಕಲ್ಲಿನ ವಿಚಿತ್ರವೆಂದರೆ ಮುಂದಿನವಳಿಗೆ ರಸ್ತೆಯೆಲ್ಲ ಕಾಣುತ್ತದೆ, ತನ್ನ ಹಿಂದೆ ನಡೆಯುತ್ತಿರುವುದು ಮಾತ್ರ ಕಾಣುವುದಿಲ್ಲ. ನನ್ನ ಕಿವಿ ಪೂರ್ತಿ ಹಿಂದೆ, ಆ ನಟ್ಟಿನ ಮೇಲೆ. ಎಲ್ಲಾದರೂ ಟಿಕ್ ಎಂದೀತೇ, ಟಣ್ ಎಂದೀತೇ ಎಂದು. ಹಿಂದೆ ಕೂತವಳು ಹಾಡು ಗುನುಗುತ್ತಿದ್ದಳು. ಒಂದು ಸಲ ತಿರುಗಿ ನೋಡಿದರೆ ಎರಡೂ ಕೈ ಬಿಟ್ಟು ಕೂತಿದ್ದಾಳೆ. “ಕೈ ಹಿಡಿ” ಎಂದು ಕೂಗಿದೆ. “ನೀ ಮುಂದೆ ನೋಡು” ಎಂದಳು.

ದಾರಿಯಲ್ಲಿ ಸಿಗುವ ಬಾತಿ ಊರಿನ ಏರಿನಲ್ಲಿ ಇಬ್ಬರಿಗೂ ಏದುಸಿರು ಬಂತು. ಬಲ ಹಾಕಿ ತುಳಿದೆವು. ಏರು ಮುಗಿದ ಕೂಡಲೇ ಸೈಕಲ್ ನಿಲ್ಲಿಸಿ, ರಸ್ತೆಬದಿಯಲ್ಲಿ ಮಂಡಿಯೂರಿ ನಟ್ಟನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಭದ್ರವಾಗಿತ್ತು. ಅಷ್ಟರಲ್ಲಿ ಹಾಲೇಶಪ್ಪನವರ ಫೋನ್ ಬಂತು. “ಹಾಕಿದ್ರಾ? ಹೆಂಗೈತೆ?” ಎಂದು ಕೇಳಿದರು. ಅದರ ಮೇಲೆಯೇ ಬರುತ್ತಿದ್ದೇವೆ ಎಂದೆ. ಆ ಕಡೆಯಿಂದ ಒಂದು ಉದ್ದನೆಯ ನಿಟ್ಟುಸಿರು ಕೇಳಿಸಿತು.

ನಾವು ತಲುಪುವ ಹೊತ್ತಿಗೆ ಗಂಡಹೆಂಡತಿ ಇಬ್ಬರೂ ರಸ್ತೆಗೆ ಬಂದು ನಿಂತಿದ್ದರು. ಹಾಲೇಶಪ್ಪ ನಮ್ಮನ್ನು ಮಾತನಾಡಿಸುವ ಮೊದಲು ಕೆಳಗೆ ಕೂತು ನಟ್ಟನ್ನು ನೋಡಿದರು. ಆಮೇಲೆ ಎದ್ದು, ಮುಮ್ತಾಜಳಿಗೆ, “ಬರ್ರಿ, ಒಳಗ ಬರ್ರಿ” ಎಂದರು. ಅವರ ಮುಖದ ಬಿಗಿ ಸಡಿಲವಾದದ್ದು ಅದೇ ಮೊದಲು.

ಚಹಾ ಆದ ಮೇಲೆ ನಟ್ಟು ಬಿಚ್ಚಲು ಕೂತರು. ಸ್ಪ್ಯಾನರ್ ಹಾಕಿ ಒತ್ತಿದರು. ಅಲ್ಲಾಡಲಿಲ್ಲ. ಎದ್ದು ನಿಂತು ಒತ್ತಿದರು. ಸ್ಪ್ಯಾನರಿಗೆ ಒಂದು ಉದ್ದನೆಯ ಪೈಪು ಸಿಕ್ಕಿಸಿ, ನಮ್ಮ ಮನೆಯವರನ್ನೂ ಸೇರಿಸಿಕೊಂಡು ಜಗ್ಗಿದರು. ಸೈಕಲ್ಲೇ ತಿರುಗಿತೇ ಹೊರತು ನಟ್ಟು ಜಪ್ಪಯ್ಯ ಎನ್ನಲಿಲ್ಲ. ಮಾಮೂಲಿ ನಟ್ಟು ತುಳಿದಷ್ಟೂ ಸಡಿಲವಾಗುವ ಜಾಗದಲ್ಲಿ ಇದು ತುಳಿದಷ್ಟೂ ಬಿಗಿಯಾಗಿತ್ತು. ದಾವಣಗೆರೆಯಿಂದ ಹರಿಹರದ ತನಕ ಇಬ್ಬರು ಹೆಂಗಸರು ತುಳಿದ ಬಲವೆಲ್ಲ ಅದರ ಹೊಟ್ಟೆಯೊಳಗೆ ಸೇರಿಕೊಂಡಿತ್ತು.

ನನಗೆ ಹೊಸದೊಂದು ಚಿಂತೆ ಹತ್ತಿತು. ಬೆಳಗಾದರೆ ಕುಡುಗೋಲುಗಳು ಬರುತ್ತವೆ. ಈ ಮನುಷ್ಯ ನಂಬಿ ಕೊಟ್ಟದ್ದು ಹೀಗಾಯಿತಲ್ಲ ಎಂದು ಏನೇನೋ ತೊದಲಿದೆ.

“ಇನ್ನ ಜಗ್ಗಿದ್ರೆ ಆಕ್ಸಲ್ ಮುರೀತೈತ್ರಿ,” ಎಂದು ಹಾಲೇಶಪ್ಪ ಪೈಪನ್ನು ಗೋಡೆಗೆ ಒರಗಿಸಿದರು. “ಬಿಡ್ರಿ. ಕುಡುಗೋಲು ಬಲಗಡೆ ಕಲ್ಲಿಗೆ ಹಿಡೀತೀನಿ. ಮಂಡಿಪೇಟೆಯೋರು ಪೆಟ್ಟಿಗೆ ತರಿಸಿಕೊಡ್ತೀನಿ ಅಂದ್ರಂತಲ್ಲ, ಅವರ ಅಂಗಡಿ ಎಲ್ಲಿ ಹೇಳ್ರಿ. ನಾಲ್ಕು ಶೆಡ್ಡಿನೋರು ಸೇರಿ ಹಂಚ್ಕಂತೀವಿ. ನಮಗೂ ಬೇಕಾಗ್ತಾವೆ.” ಆಮೇಲೆ ಸೇರಿಸಿದರು: “ವಾಪಸ್ ಹೋಗೋದೂ ಇದರ ಮ್ಯಾಲೇ ಏನ್ರಿ? ಮುಟ್ಟಿದ ಮೇಲೆ ಫೋನ್ ಮಾಡ್ರಿ.”

ಗೌರಮ್ಮ ಕಟ್ಟೆಯ ಮೇಲೆ ತಟ್ಟೆಯಲ್ಲಿ ಮಂಡಕ್ಕಿ ತಂದಿಟ್ಟರು. ಮುಮ್ತಾಜ್ ನನ್ನ ಹಿಂದೆ ಬಂದು ಕೂತಳು. ಬಹಳ ದಿನಗಳ ಮೇಲೆ ನನ್ನ ಹೆಗಲು ಕಿವಿಯಿಂದ ಕೆಳಗಿಳಿದಿತ್ತು. ಎಲ್ಲವೂ ಕ್ಷೇಮ, ಏನೂ ಬಿಚ್ಚಿಕೊಳ್ಳಲಿಲ್ಲ, ಯಾರೂ ಬೀಳಲಿಲ್ಲ. ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, “ದಾರೀಲಿ ಏನೇನು ಕಾಣಿಸ್ತು?” ಎಂದು ಅವಳನ್ನು ಕೇಳಿದೆ.

“ನಿನ್ನ ಬೆನ್ನು,” ಎಂದಳು.

“ಬಾತಿ ಕೆರೆ? ಗದ್ದೆ?”

“ನನಗೆ ಕಾಣೋ ಜಾಗ ಎಷ್ಟೈತೆ? ಅಷ್ಟ್ರಾಗೆ ಪೂರ್ತಿ ನೀನೇ ಕುಂತಿದ್ದಿ. ಕೆರೆ ಬಂತು ಅಂತ ಗಾಳಿಗೆ ಗೊತ್ತಾತು, ಬಿಡು.” ಆಮೇಲೆ ಬಹಳ ಸಹಜವಾಗಿ ಹೇಳಿದಳು: “ನಿನ್ನ ಚೂಡಿ ಹಿಂದಿನ ಹೊಲಿಗೆ ಬಿಟ್ಟೈತೆ. ಹೆಗಲಿಂದ ಕೆಳಗೆ, ಗೇಣುದ್ದ.”

ನಾನು ಕೈಯನ್ನು ಬೆನ್ನಿಗೆ ಒಯ್ದೆ. ನಿಜವಾಗಿತ್ತು. ಒಳಗಿನ ಬಿಳಿ ಬಟ್ಟೆ ಬೆರಳಿಗೆ ಸಿಕ್ಕಿತು.

“ಯಾವಾಗ?”

“ಬಾತಿ ಏರಿನಾಗ.”

ಬಾತಿಯಿಂದ ಇಲ್ಲಿಯ ತನಕ, ಹಿಂದಿನಿಂದ ಬಂದ ಎಲ್ಲ ಬಸ್ಸು, ಲಾರಿ, ಬೈಕಿನವರ ಮುಂದೆ, ನಾನು ನಟ್ಟಿನ ಸದ್ದಿಗೆ ಕಿವಿ ನಿಮಿರಿಸಿಕೊಂಡು, ಹರಿದ ಬೆನ್ನನ್ನು ಊರಿಗೆಲ್ಲ ತೋರಿಸುತ್ತ ಬಂದಿದ್ದೆ. “ನಿಲ್ಲಿಸಿದಾಗಲಾದರೂ ಹೇಳಬಾರದಿತ್ತಾ?” ಎಂದೆ.

“ಹೇಳಿದ್ರೆ ಮುಂದೆಲ್ಲ ಹ್ಯಾಂಡಲ್ ಬಿಟ್ಟು ಬೆನ್ನು ಹಿಡ್ಕಂಡು ಬರ್ತಿದ್ದಿ. ನನ್ನ ಜೀವ ಇನ್ನೂ ಬೇಕು ನನಗೆ.” ಅವಳು ಹರಿದ ಜಾಗವನ್ನು ಬೆರಳಿನಿಂದ ಸವರಿ ಅಳೆದಳು. “ರೆಡಿಮೇಡ್ ಇದು. ಒಂದೆಳೆ ದಾರದಾಗ ಹೊಡೆದಾರೆ. ಗೌರಮ್ಮಾರೇ, ಸೂಜಿ ದಾರ ಐತಾ?”

ಗೌರಮ್ಮ ತಂದುಕೊಟ್ಟರು. ದಾರ ಪೋಣಿಸಿದ್ದು ನಾನು, ಎರಡು ಸಲ ತಪ್ಪಿ. ಮುಮ್ತಾಜ್ ಸೂಜಿಯನ್ನು ತೆಗೆದುಕೊಂಡು ತುದಿಯನ್ನು ಹೆಬ್ಬೆರಳಿನ ಮೇಲೆ ಒಮ್ಮೆ ಒತ್ತಿ ನೋಡಿದಳು. ಎಡಗೈಯಿಂದ ಬಟ್ಟೆಯ ಎರಡು ಅಂಚುಗಳನ್ನು ಕೂಡಿಸಿ ಹಿಡಿದಳು. ಮೊದಲ ಹೊಲಿಗೆ ಹಾಕುವ ಮೊದಲು ಅವಳ ಉಸಿರು ಒಂದಿಷ್ಟು ನಿಂತದ್ದು ನನ್ನ ಕುತ್ತಿಗೆಗೆ ಗೊತ್ತಾಯಿತು. ಆಮೇಲೆ ಸೂಜಿ ಬಟ್ಟೆಯನ್ನು ಹಾದುಹೋಗುವ ಸಣ್ಣ ಸದ್ದು, ದಾರ ಎಳೆದುಕೊಳ್ಳುವ ಸದ್ದು. ಮತ್ತೆ, ಇನ್ನೊಂದು.

ಕಾಣದ ಸೂಜಿಯೊಂದು ನನ್ನ ಬೆನ್ನಿನಿಂದ ಕೂದಲೆಳೆಯಷ್ಟು ದೂರದಲ್ಲಿ ಏರಿ ಇಳಿಯುತ್ತಿತ್ತು. ತಿರುಗಿ ನೋಡಬೇಕೆಂದು ನನ್ನ ಕುತ್ತಿಗೆ ತಾನಾಗಿಯೇ ಎಡಕ್ಕೆ ಹೊರಳಿತು.

“ಅಲ್ಲಾಡಬ್ಯಾಡ,” ಎಂದಳು ಮುಮ್ತಾಜ್.

ನಾನು ಅಲ್ಲಾಡಲಿಲ್ಲ.